ಅಮಾವಾಸ್ಯೆಗೆ ರಜೆ ಹಾಕುವ ಪೆಟ್ಟಿಗೆ

ಮುಂಜಾನೆ ಐದು ಗಂಟೆ. ರಾತ್ರಿಯಿಡೀ ಸುರಿದ ಜುಲೈ ಮಳೆ ಈಗಷ್ಟೇ ಬಿಟ್ಟಿದೆ. ಪುಣೆಯ ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಕೃತಕ ಕಾಲು ಮಾಡಿಕೊಡುವ ಒಂದು ಸೇವಾ ಕೇಂದ್ರವಿದೆ. ಅದರ ಮೊದಲ ಮಹಡಿಯಲ್ಲಿ, ಸಾಲಾಗಿ ತೂಗುಹಾಕಿದ ಕಾಲುಗಳ ಹಿಂದೆ, ನಾನೂ ಶಿವಕಾಂತಾ ಅವರೂ ಕಳ್ಳನಿಗಾಗಿ ಕಾದು ಕುಳಿತಿದ್ದೇವೆ. ಪತ್ರಿಕೆಯ ಕೆಲಸದಲ್ಲಿ ಏನೇನೋ ಮಾಡಿದ್ದೇನೆ, ಆದರೆ ಕಳ್ಳನನ್ನು ಹಿಡಿಯಲು ಹೀಗೆ ಉಸಿರು ಬಿಗಿಹಿಡಿದು ಕೂತದ್ದು ಇದೇ ಮೊದಲು.

"ಜರಾ ಹಿಂದಕ್ಕ ಸರೀರಿ. ನಿಮ್ಮ ಚಪ್ಪಲಿ ಕಾಣಸ್ತಾವ," ಎಂದು ಶಿವಕಾಂತಾ ಪಿಸುಗುಟ್ಟುತ್ತಾರೆ. ಮಳೆಯಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ತೊಡೆಯ ಮೇಲೆ ಒಂದು ಚೀಲ. ಅದರೊಳಗೆ ಸ್ಕ್ರೂಡ್ರೈವರ್, ಎರಡು ಮೊಳ ಕೇಬಲ್, ಹೊಸದೊಂದು ಎಕ್ಸ್‌ಟೆನ್ಶನ್ ಬೋರ್ಡ್, ನಡುವೆ ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ.

ನಮ್ಮೆದುರು ಗಾಜಿನ ಆಚೆ ಕಚೇರಿ. ಅಲ್ಲೊಂದು ಕಂಪ್ಯೂಟರ್ ಗುಂಯ್ಗುಡುತ್ತಿದೆ. ಗೋಡೆಯ ಹಲಗೆಯ ಮೇಲೆ ಗಣಪತಿ ಫೋಟೊ, ಅದರ ಪಕ್ಕ ಇಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಕರಿ ಪೆಟ್ಟಿಗೆ, ಪೆಟ್ಟಿಗೆಗೊಂದು ಹಸಿರು ದೀಪ. ಇದೇ ನೆಟ್‌ವರ್ಕ್ ಡ್ರೈವ್. ದಿನವೂ ಮುಂಜಾನೆ ಐದೂವರೆಗೆ ಕಂಪ್ಯೂಟರ್ ತನ್ನೊಳಗಿನ ಲೆಕ್ಕಪತ್ರ, ಅಳತೆ, ವಿಳಾಸಗಳನ್ನೆಲ್ಲ ಕೇಬಲಿನ ಮೂಲಕ ಈ ಪೆಟ್ಟಿಗೆಗೆ ತಾನೇ ನಕಲು ಮಾಡಿ ಇಡಬೇಕು. ಅದಕ್ಕೆ ಬ್ಯಾಕಪ್ ಅನ್ನುತ್ತಾರೆ. ಮಾರ್ಚಿನಿಂದ ತಿಂಗಳಿಗೊಮ್ಮೆ ಅದು ಕೈಕೊಡುತ್ತಿದೆ. ಇವತ್ತು ಕೈಕೊಟ್ಟರೆ ಶಿವಕಾಂತಾ ಅವರ ಕೆಲಸವೂ ಹೋಗುತ್ತದೆ, ಒಂಬತ್ತು ವರ್ಷ ಗಳಿಸಿದ ಹೆಸರೂ ಹೋಗುತ್ತದೆ.

ಪುಣೆಯ ಹನ್ನೊಂದು ಸಣ್ಣ ಕಚೇರಿಗಳಲ್ಲಿ ಈಕೆಗೆ 'ಬ್ಯಾಕಪ್ ಬಾಯಿ' ಎಂದೇ ಹೆಸರು. ಕನ್ನಡದ ಬಾಯಿ ಅಲ್ಲ, ಮರಾಠಿಯ ಬಾಯಿ. ಆ ಊರಿನಲ್ಲಿ ಕಸ ಗುಡಿಸುವವರೂ ಬಾಯಿ, ಶಾಲೆಯಲ್ಲಿ ಪಾಠ ಹೇಳುವವರೂ ಬಾಯಿ. ಕೋಥರೂಡದ ಒಂದು ಸೊಸೈಟಿಯ ವಾಚ್‌ಮನ್ ಮೊದಲ ದಿನ ಇವರ ಕೈಗೆ ಕಸಬರಿಗೆ ಕೊಟ್ಟು, "ಎರಡನೇ ಮಾಳಿಗೆ, ಸಾರ್ವಜನಿಕ ಮೆಟ್ಟಿಲೂ ಸೇರಿ" ಎಂದಿದ್ದನಂತೆ. ಸಿಟ್ಟು ಬರಲಿಲ್ಲವೇ ಎಂದರೆ ನಗುತ್ತಾರೆ. "ಸಿಟ್ಟ್ಯಾಕ್ರಿ? ನಂದೂ ಕಸ ಹೊಡಿಯೂ ಕೆಲಸಾನೇ ಅದ. ಮಂದಿ ಡಿಸ್ಕಿನ್ಯಾಗ ಎಂಥೆಂಥ ಕಸ ತುಂಬಿರ್ತಾರ, ನಿಮಗೇನ ಗೊತ್ತು!"

ಮಾತಿಗೆ ಕೂತರೆ ಕನ್ನಡದ ಬಾಯಿಗೂ ಕಡಿಮೆಯಿಲ್ಲ ಬಿಡಿ.

ಸುರಪುರದ ಕಡೆಯ ಹಳ್ಳಿಯಿಂದ ತಾಯಿ ಯಮನವ್ವ ಇಟ್ಟಿಗೆ ಹೊರುವ ಕೆಲಸಕ್ಕೆ ಪುಣೆಗೆ ಬಂದಾಗ ಶಿವಕಾಂತಾ ಐದು ವರ್ಷದ ಹುಡುಗಿ. ಕೋಥರೂಡದಲ್ಲಿ ಒಂದೊಂದು ಅಪಾರ್ಟ್‌ಮೆಂಟ್ ಏಳುವಾಗಲೂ ತಗಡಿನ ಗುಡಿಸಲು ಒಂದೊಂದು ಫರ್ಲಾಂಗು ಮುಂದೆ ಹೋಗುತ್ತಿತ್ತು. ಓದಿದ್ದು ಮರಾಠಿ ಶಾಲೆಯಲ್ಲಿ, ಹತ್ತನೆಯವರೆಗೆ. ಆಮೇಲೆ ಟೈಪಿಂಗ್, ಆಮೇಲೆ ಮೂರು ತಿಂಗಳ ಕಂಪ್ಯೂಟರ್ ಕ್ಲಾಸು. ೧೯೯೬ರಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆದರು. ಆಗ ನೆಟ್‌ವರ್ಕ್ ಡ್ರೈವ್ ಎಲ್ಲಿ ಬಂತು? ವಾರಕ್ಕೊಮ್ಮೆ ಹದಿನಾಲ್ಕು ಫ್ಲಾಪಿಗಳಿಗೆ ಒಂದೊಂದಾಗಿ ನಕಲು ಮಾಡುವುದು. ಬೆಂಕಿಗಿಂಕಿ ಬಿದ್ದೀತೆಂದು ಒಂದು ಪ್ರತಿ ಹೊರಗಡೆ ಇರಲಿ, ಮನೆಗೆ ಒಯ್ಯಿ ಎಂದು ವಕೀಲರು ಹೇಳಿದ್ದರು. ಶಿವಕಾಂತಾ ಶನಿವಾರ ಸಂಜೆ ಫ್ಲಾಪಿಗಳನ್ನು ಬುತ್ತಿಡಬ್ಬಿಯಲ್ಲಿಟ್ಟು ಮನೆಗೆ ಒಯ್ಯುತ್ತಿದ್ದರು.

ಒಂದು ರವಿವಾರ ಯಮನವ್ವ ಡಬ್ಬಿ ತೆರೆದರು. ಒಳಗೆ ಏನೋ ಚೌಕ ಚೌಕ ತಟ್ಟೆಗಳು. ಮಗಳು ಊಟ ಮಾಡಿದ ಸಾಮಾನು ಇರಬೇಕೆಂದು ಹದಿನಾಲ್ಕನ್ನೂ ಬೂದಿ ಹಚ್ಚಿ ತಿಕ್ಕಿ, ತೊಳೆದು, ತಗಡಿನ ಮೇಲೆ ಬಿಸಿಲಿಗೆ ಒಣಗಲು ಹಾಕಿದರು! "ನಾ ಬಾವಿಗೆ ಬೀಳೂದೊಂದ ಬಾಕಿ ಇತ್ತ್ರಿ. ಅವ್ವ ಮಾತ್ರ, ನೋಡಬೇ, ಹೆಂಗ ಪಳಪಳ ಹೊಳೀಲಾಕತ್ತಾವ ಅಂತ ಕುಂತಾಳ." ಪುಣ್ಯಕ್ಕೆ ಕಚೇರಿಯ ಕಂಪ್ಯೂಟರ್ ಗಟ್ಟಿಯಿತ್ತು, ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಶಿವಕಾಂತಾ ನಕಲು ಇದೆಯೆಂದು ಯಾರಾದರೂ ಹೇಳಿದರೆ ನಂಬುವುದಿಲ್ಲ. ತೆರೆದು ನೋಡುತ್ತಾರೆ.

ಹೇಗೆ ನೋಡುತ್ತಾರೆಂಬುದೇ ಒಂದು ಚೆಂದ. ಬೆಳಗ್ಗೆ ಆರಕ್ಕೆ ವಾಕಡದ ಮನೆಯಿಂದ ಸ್ಕೂಟಿ ಹೊರಡುತ್ತದೆ. ದಿನಕ್ಕೆ ಮೂವತ್ತೆಂಟು ಕಿಲೋಮೀಟರ್, ಹನ್ನೊಂದು ಕಚೇರಿ. ಪ್ರತಿ ಕಚೇರಿಯಲ್ಲೂ ಬ್ಯಾಕಪ್ ಆಯಿತೆಂದು ಪರದೆಯ ಮೇಲೆ ಬಂದಿದ್ದರೂ ಬಿಡದೆ, ಪೆಟ್ಟಿಗೆಯೊಳಗಿಂದ ಯಾವುದಾದರೂ ಒಂದು ಕಡತವನ್ನು ಹೊರತೆಗೆದು ತೆರೆಯುತ್ತಾರೆ. ಅದಕ್ಕೆ ಅವರಿಟ್ಟ ಹೆಸರು 'ಅಗುಳು'. "ಅನ್ನ ಬೆಂದದೋ ಇಲ್ಲೋ ಅಂತ ಗಡಿಗಿ ತುಂಬ ಕೈ ಹಾಕ್ತೀರೇನು? ಒಂದ ಅಗುಳ ಹಿಚುಕಿದ್ರ ಸಾಕು. ಆದರ ಹಿಚುಕಲೇಬೇಕ್ರಿ."

ಅವರು ಕಂಡ ರೋಗಗಳ ಕಥೆ ಕೇಳಿದರೆ ದಿನ ಸಾಲದು. ಹಗಲೆಲ್ಲ ಚೆನ್ನಾಗಿ ಕಾಣುವ ಪೆಟ್ಟಿಗೆ ಮುಂಜಾನೆ ಕಂಪ್ಯೂಟರಿಗೆ ಸಿಕ್ಕುವುದೇ ಇಲ್ಲ, ಯಾಕೆ? "ನಾವು ಅದಕ್ಕ ಜೆಡ್ ಡ್ರೈವ್ ಅಂತ ಅಡ್ಡಹೆಸರು ಇಟ್ಟಿರ್ತೀವಿ. ನಾವು ಲಾಗಿನ್ ಆಗಿ ಕುಂತಾಗ ಅಷ್ಟ ಆ ಹೆಸರು ನಡೀತದ. ಯಾರೂ ಇಲ್ಲದ ಹೊತ್ತಿನ್ಯಾಗ ಕಂಪ್ಯೂಟರ್ ಒಂದೇ ಹೋಗಿ ಜೆಡ್ ಎಲ್ಲಿ ಅಂತ ಕೇಳಿದ್ರ ಯಾರು ಹೇಳಬೇಕು? ನಮ್ಮೂರಾಗ ಗಿಡ್ಡ್ಯಾನ ಮನಿ ಅಂದ್ರ ಎಲ್ಲಾರೂ ತೋರಸ್ತಾರ, ಟಪಾಲಿನ ಮ್ಯಾಲ ಹಂಗ ಬರದ್ರ ಮುಟ್ಟತದೇನು? ಪೂರಾ ಪತ್ತೆ ಬರೀಬೇಕು." ಇನ್ನು ಕೆಲವರು ಪಾಸ್‌ವರ್ಡ್ ಬದಲಿಸಿ ಮರೆತುಬಿಡುತ್ತಾರೆ. ಪಾಪ, ಬ್ಯಾಕಪ್ ಹಳೆ ಕೀಲಿಕೈ ಹಿಡಿದು ದಿನವೂ ಬಾಗಿಲಿಗೆ ಬಂದು ವಾಪಸು ಹೋಗುತ್ತಿರುತ್ತದೆ. ಇವನ್ನೆಲ್ಲ ಶಿವಕಾಂತಾ ಚಹಾ ಆರುವಷ್ಟರಲ್ಲಿ ಸರಿಮಾಡುತ್ತಾರೆ.

ಈ ಕೇಂದ್ರದ ರೋಗ ಮಾತ್ರ ಬೇರೆ ಜಾತಿಯದು. ಮಾರ್ಚ್ ೨೯ರಂದು ಬ್ಯಾಕಪ್ ಆಗಲಿಲ್ಲ, ಮರುದಿನ ಆಯಿತು. ಏಪ್ರಿಲ್ ೨೭ರಂದು ಆಗಲಿಲ್ಲ, ಮರುದಿನ ಆಯಿತು. ಮೇ ೨೭ರಂದೂ ಹಾಗೆಯೇ. ದೊಡ್ಡ ಕಂಪನಿಯ ಇಬ್ಬರು ಎಂಜಿನಿಯರುಗಳು ಬಂದು ಕೇಬಲ್ ಬದಲಿಸಿದರು, ಸಮಯವನ್ನು ಕಾಲು ಗಂಟೆ ಆಚೀಚೆ ಮಾಡಿದರು. ಪೆಟ್ಟಿಗೆ ಜಪ್ಪಯ್ಯ ಅನ್ನಲಿಲ್ಲ.

ಒಂದು ದಿನ ತಪ್ಪಿದರೆ ಏನು ಮಹಾ ಎಂದು ನಾನೂ ಕೇಳಿದೆ. ಶಿವಕಾಂತಾ ಅವರ ಮುಖ ಸಣ್ಣದಾಯಿತು. ಜೂನ್ ೨೪, ಶನಿವಾರ, ಕೇಂದ್ರದಲ್ಲಿ ಶಿಬಿರವಿತ್ತು. ಬೀದರ, ಲಾತೂರ, ನಾಂದೇಡದಿಂದ ಬಂದ ಮೂವತ್ತೊಂದು ಜನರ ಕಾಲಿನ ಅಳತೆ ತೆಗೆದು, ಕಂಪ್ಯೂಟರಿಗೆ ಹಾಕಿ, ರೂಢಿಯಂತೆ ಅಳತೆ ಬರೆದ ಚೀಟಿಗಳನ್ನು ಹರಿದುಹಾಕಿದರು. ರವಿವಾರ ಮುಂಜಾನೆ ಬ್ಯಾಕಪ್ ಆಗಲಿಲ್ಲ. ಅದೇ ಮಧ್ಯಾಹ್ನ ಸಿಡಿಲು ಬಡಿದು ಕಂಪ್ಯೂಟರ್ ಸುಟ್ಟುಹೋಯಿತು. ಪೆಟ್ಟಿಗೆಯಲ್ಲಿ ಎರಡು ಸಾವಿರದ ಮುನ್ನೂರು ಕಾಲುಗಳ ಅಳತೆ ಭದ್ರವಾಗಿತ್ತು. ಆ ಮೂವತ್ತೊಂದು ಇರಲಿಲ್ಲ.

"ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ಒಬ್ಬ ಅಜ್ಜ ಬೀದರಿನಿಂದ ಮತ್ತ ಬಗಲಿಗೆ ಬಡಿಗಿ ಇಟಗೊಂಡು ಎಸ್‌ಟಿ ಬಸ್ ಹತ್ತಿ ಬಂದ. ಬಂದವ ಬೈಲೇ ಇಲ್ರಿ. ನಿಂದೇನ ತಪ್ಪವ್ವಾ ತಂಗಿ ಅಂದ. ಬೈದಿದ್ರ ಚಲೋ ಇತ್ತು." ಕೇಂದ್ರದ ನಿರ್ದೇಶಕ ಅವಧೂತ ಜಾಲಿಹಾಳ ಧಾರವಾಡದವರು, ಮೃದು ಮಾತಿನವರು. ಅವರೂ ಅವತ್ತು ಹೇಳಿಬಿಟ್ಟರು: ಇನ್ನೊಮ್ಮೆ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.

ಆ ರಾತ್ರಿ ಊಟ ಸೇರಲಿಲ್ಲ. ವಾಕಡದ ಬಾಡಿಗೆ ಕೋಣೆಯಲ್ಲಿ ನೋಟ್‌ಬುಕ್ ಹಿಡಿದು ಶಿವಕಾಂತಾ ಗೊಣಗುತ್ತಿದ್ದರು. "ಬುಧವಾರ, ಗುರುವಾರ, ಶನಿವಾರ, ರವಿವಾರ. ತಾರೀಖಿಗೂ ತಾಳ ಇಲ್ಲ, ವಾರಕ್ಕೂ ಮೇಳ ಇಲ್ಲ." ಅಕ್ಷರ ಬಾರದ ಯಮನವ್ವ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡರು. ಬಡಿಯುವುದನ್ನು ನಿಲ್ಲಿಸಿದರು.

"ಹುಚ್ಚಿ, ಅವೆಲ್ಲಾ ಅಮಾಸಿ ಅಲ್ಲೇನು? ಬುಧವಾರ ಯುಗಾದಿ ಅಮಾಸಿ. ಗುರುವಾರದ್ದು ಬಸವ ಜಯಂತಿಗಿಂತ ಮೊದಲಿಂದು. ಶನಿವಾರ ಶನಿ ಅಮಾಸಿ, ನೀನೇ ಗುಡಿಗೆ ಎಣ್ಣಿ ಹಾಕಿ ಬಂದೀದಿ. ಮೊನ್ನಿ ರವಿವಾರ ಮಣ್ಣೆತ್ತಿನ ಅಮಾಸಿ! ಅಮಾಸಿ ದಿನ ನಮ್ಮ ಕಡಿ ಎತ್ತಿನ ಕೊಳ್ಳಿಗೆ ನೊಗ ಕಟ್ಟಂಗಿಲ್ಲ. ನಿನ್ನ ಪೆಟ್ಟಿಗಿನೂ ಸೂಟಿ ಹಾಕಲಾಕತ್ತದ ತಗೋ!"

ಅಬ್ಬಬ್ಬಾ! ಎಂಜಿನಿಯರುಗಳ ಲ್ಯಾಪ್‌ಟಾಪಿಗೆ ಸಿಗದ ಗುಟ್ಟು ರೊಟ್ಟಿ ಬಡಿಯುವ ಹಲಗೆಯ ಮುಂದೆ ಸಿಕ್ಕಿತ್ತು. ಶಿವಕಾಂತಾ ಮರುದಿನವೇ ಓಡಿಬಂದು ಪೆಟ್ಟಿಗೆ ತಾನೇ ಬರೆದಿಟ್ಟುಕೊಳ್ಳುವ ದಿನಚರಿ ತೆರೆದರು. ಕೈಕೊಟ್ಟ ದಿನಗಳಲ್ಲೆಲ್ಲ ಅದು ಬೆಳಗ್ಗೆ ಆರೂ ಇಪ್ಪತ್ತರ ಸುಮಾರಿಗೆ ಹೊಸದಾಗಿ ಎದ್ದಿತ್ತು. ಅಂದರೆ ಐದೂವರೆಗೆ ಅದಕ್ಕೆ ಕರೆಂಟೇ ಇರಲಿಲ್ಲ. ಯಾರೋ ಬರುತ್ತಾರೆ, ಪ್ಲಗ್ ಕೀಳುತ್ತಾರೆ, ಮತ್ತೆ ಹಾಕಿ ಹೋಗುತ್ತಾರೆ. ಕೇಂದ್ರಕ್ಕೆ ರಜೆಯಿದ್ದ ರವಿವಾರವೂ ಬಂದಿದ್ದಾರೆ. ಯಾರೆಂದು ಕೇಳಬಹುದಿತ್ತಲ್ಲ? "ಕೇಳಿದ್ರ ಯಾರು ಹೂಂ ಅಂತಾರ್ರಿ, ಮೂವತ್ತೊಂದು ಮಂದಿ ಗದ್ದಲ ಆದ ಮ್ಯಾಲ? ಕಣ್ಣಿಲೆ ನೋಡಿದ್ರನ ಖರೆ." ಹಾಗೆಂದು ಒಂದು ತಿಂಗಳು ಕಾದಿದ್ದಾರೆ. ಇವತ್ತು ಮಂಗಳವಾರ, ಆಷಾಢದ ಅಮಾವಾಸ್ಯೆ. ಮರಾಠಿಗರು ಮನೆಯ ದೀಪಗಳನ್ನೆಲ್ಲ ಬೆಳಗಿ ಪೂಜಿಸುವ ದೀಪದ ಅಮಾವಾಸ್ಯೆ.

ಐದೂ ಹದಿನೆಂಟು. ಮೆಟ್ಟಿಲ ಮೇಲೆ ಸದ್ದು. ಟಕ್, ತುಸು ತಡೆದು ಮತ್ತೆ ಟಕ್. ಕಚೇರಿಯ ಬೀಗ ತೆರೆಯುತ್ತದೆ. ಒಳಗೆ ಬಂದವರನ್ನು ಕಂಡು ಶಿವಕಾಂತಾ ಬಾಯಿಗೆ ಕೈ ಅಡ್ಡ ಇಡುತ್ತಾರೆ. ವಾಚ್‌ಮನ್ ಇರಬೇಕೆಂದು ಅವರ ಎಣಿಕೆ. ಬಂದವರು ಗೌರಾಬಾಯಿ, ಕೇಂದ್ರದ ಕಸ ಗುಡಿಸುವ ಹೆಂಗಸು, ಎಲ್ಲರ ಬಾಯಲ್ಲೂ 'ಮೌಶಿ', ಅಂದರೆ ಚಿಕ್ಕಮ್ಮ, ಅಕ್ಕಲಕೋಟೆ ಕಡೆಯ ಕನ್ನಡದವರು, ಐವತ್ತೈದರ ಮೇಲಿನ ವಯಸ್ಸು. ಎಡಗಾಲು ಮೊಣಕಾಲಿನ ಕೆಳಗೆ ಇದೇ ಕೇಂದ್ರದಲ್ಲಿ ಮಾಡಿದ್ದು.

ಗೌರಾಬಾಯಿ ಬುಟ್ಟಿಯಿಂದ ತಿಕ್ಕಿ ಬೆಳಗಿದ ಹಿತ್ತಾಳೆಯ ಸಮೆ, ಎಣ್ಣೆದೀಪದ ಕಂಬ, ತೆಗೆದಿಡುತ್ತಾರೆ. ಗಣಪತಿಗೆ ಹೂ ಏರಿಸುತ್ತಾರೆ. ಕರಿ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ, ಅದಕ್ಕೂ ಕುಂಕುಮ ಹಚ್ಚುತ್ತಾರೆ. ಆಮೇಲೆ ಬಣ್ಣದ ಬಲ್ಬಿನ ಒಂದು ಸರ ತೆಗೆದು ಫೋಟೊಕ್ಕೂ ಪೆಟ್ಟಿಗೆಗೂ ಸೇರಿಸಿ ಸುತ್ತುತ್ತಾರೆ. ಗೋಡೆಯಲ್ಲಿ ಎರಡು ಸಾಕೆಟ್. ಒಂದರಲ್ಲಿ ನೀರಿನ ಫಿಲ್ಟರ್. ಇನ್ನೊಂದರತ್ತ ಅವರ ಕೈ ಹೋಗುತ್ತದೆ.

"ಮೌಶೀ, ತಡೀರಿ!" ಎಂದು ಶಿವಕಾಂತಾ ಕೂಗುತ್ತಾರೆ.

ತಡವಾಯಿತು. ಪ್ಲಗ್ ಕೈಯಲ್ಲಿದೆ. ಹಸಿರು ದೀಪ ಆರಿದೆ. ಕಾಲುಗಳ ಸಾಲಿನ ನಡುವಿಂದ ಧುಮುಕಿದ ನಮ್ಮಿಬ್ಬರನ್ನು ಕಂಡು ಗೌರಾಬಾಯಿ ಗಣಪತಿಯನ್ನೇ ಅಪ್ಪಿಕೊಳ್ಳುತ್ತಾರೆ. ಗಡಿಯಾರದಲ್ಲಿ ಐದೂ ಇಪ್ಪತ್ತೆರಡು. ಹೀಗೆ ಥಟ್ಟನೆ ಕರೆಂಟು ಹೋದರೆ ಪೆಟ್ಟಿಗೆ ಮತ್ತೆ ಎದ್ದು ಕೂರಲು ಆರು ನಿಮಿಷ ಬೇಕು. ಉಳಿದಿರುವುದು ಎಂಟು.

"ಪೂಜಿ ಬಿಡಲೇನು, ಬಾಯಿ?" ಗೌರಾಬಾಯಿ ಪ್ಲಗ್ ಹಿಡಿದೇ ಕೇಳುತ್ತಾರೆ.

"ಪೂಜಿನೂ ನಿಲ್ಲಂಗಿಲ್ಲ, ಬ್ಯಾಕಪ್ಪೂ ನಿಲ್ಲಂಗಿಲ್ಲ. ಆ ಪ್ಲಗ್ ಇಲ್ಲಿ ಕೊಡ್ರಿ."

ಚೀಲದಿಂದ ಎಕ್ಸ್‌ಟೆನ್ಶನ್ ಬೋರ್ಡ್ ಹೊರಬರುತ್ತದೆ. ಗೋಡೆಗೆ ಬೋರ್ಡು, ಬೋರ್ಡಿಗೆ ಪೆಟ್ಟಿಗೆ, ಪಕ್ಕದಲ್ಲೇ ಬಣ್ಣದ ಸರ. ಐದೂ ಇಪ್ಪತ್ತಮೂರು. ಬಲ್ಬುಗಳು ಕೆಂಪು ಹಳದಿ ಮಿಂಚತೊಡಗುತ್ತವೆ. ಪೆಟ್ಟಿಗೆ ಗುರ್ ಎನ್ನುತ್ತದೆ, ಅಷ್ಟೆ. ಇಪ್ಪತ್ತಾರು. ಇಪ್ಪತ್ತೆಂಟು. ನನ್ನ ಪೆನ್ನು ಕೆಳಗೆ ಬಿದ್ದರೂ ಎತ್ತಿಕೊಳ್ಳಲು ಮನಸ್ಸಿಲ್ಲ. ಗೌರಾಬಾಯಿ ಸಮೆಗೆ ಎಣ್ಣೆ ಹೊಯ್ಯುತ್ತ ಏನೋ ಜಪಿಸುತ್ತಿದ್ದಾರೆ. ಐದೂ ಇಪ್ಪತ್ತೊಂಬತ್ತಕ್ಕೆ ಹಸಿರು ದೀಪ ಕಣ್ಣು ಬಿಡುತ್ತದೆ. ಐದೂವರೆ ಬಡಿಯುತ್ತಲೇ ಪರದೆಯ ಮೇಲೆ ಕಡತಗಳು ಒಂದರ ಹಿಂದೊಂದು ಓಡತೊಡಗುತ್ತವೆ!

ನಾನು ಚಪ್ಪಾಳೆ ಹೊಡೆದೇಬಿಡುತ್ತೇನೆ. ಶಿವಕಾಂತಾ ನೆಲದ ಮೇಲೆ ಕುಸಿದು ಕೂತು, ನಗುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಗೌರಾಬಾಯಿಯವರ ಕಥೆ ಆಮೇಲೆ ಬಿಚ್ಚಿಕೊಳ್ಳುತ್ತದೆ. ಏಳು ವರ್ಷದ ಹಿಂದೆ ಒಂದು ಅಮಾವಾಸ್ಯೆಯ ದಿನ ಅವರು ಹೊಸ ಕಾಲಿನ ಮೇಲೆ ಮೊದಲ ಸಲ ನಿಂತರು. ಅಂದಿನಿಂದ ಪ್ರತಿ ಅಮಾವಾಸ್ಯೆ, ರವಿವಾರವೇ ಇರಲಿ, ಬಂದು ದೀಪ ಹಚ್ಚುತ್ತಾರೆ. "ಎಲ್ಲಾರ ಕಾಲೂ ಈ ಕರಿ ಪೆಟ್ಟಿಗ್ಯಾಗ ಅದಾವ ಅಂತ ಸಾಹೇಬ್ರು ಹೇಳಿದ್ರು. ಅದಕ್ಕ ಪೂಜಿ ಮಾಡ್ತೀನಿ. ಮೊದಲ ಒಂದ ಸಾಕೆಟ್ ಖಾಲಿ ಇರ್ತಿತ್ತು. ಹೋಳಿ ಆದ ಮ್ಯಾಲ ನೀರಿನ ಮಷೀನ್ ಬಂತು. ಅದನ್ನ ಮುಟ್ಟಬ್ಯಾಡ ಅಂದಿದ್ರು. ಇದನ್ನ ಮುಟ್ಟಬ್ಯಾಡ ಅಂತ ಯಾರೂ ಅನಲಿಲ್ಲ."

"ನಾನೂ ಅನಲಿಲ್ಲ ಮೌಶಿ," ಎನ್ನುತ್ತಾರೆ ಶಿವಕಾಂತಾ. "ಅದು ನನ್ನ ತಪ್ಪು."

ಗೌರಾಬಾಯಿಗೆ ಈಗ ಏನೋ ಹೊಳೆಯುತ್ತದೆ. ಆ ಮೂವತ್ತೊಂದು ಜನ ಮತ್ತೆ ಬಂದಾಗ ನೀರು ಕೊಟ್ಟವರು ಅವರೇ. "ಅವರೆಲ್ಲಾ ಮತ್ತ ಬಂದದ್ದು ನನ್ನ ಸಲುವಾಗಿ ಏನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಶಿವಕಾಂತಾ ಅವರ ಕೈ ಹಿಡಿಯುತ್ತಾರೆ. "ಸಾಹೇಬ್ರಿಗೆ ಹೇಳಬ್ಯಾಡ ಯವ್ವಾ. ಈ ಕೆಲಸ ಹೋದ್ರ ನನಗ ಯಾರೂ ಇಲ್ಲ."

"ಹೇಳಂಗಿಲ್ಲ ಬಿಡ್ರಿ. ಅಳಬ್ಯಾಡ್ರಿ. ಬರ್ರಿ, ಇವತ್ತಿನ ಅಗುಳ ನೀವೇ ಹಿಚುಕ್ರಿ. ನಿಮ್ಮ ಕಾಲಿನ ನಂಬರ್ ಎಷ್ಟು?"

"ನಾಕನೂರಾ ಹನ್ನೆರಡು."

ಪೆಟ್ಟಿಗೆಯಿಂದ ನಾನೂರ ಹನ್ನೆರಡನೆಯ ಕಡತ ಹೊರಬರುತ್ತದೆ. ಹೆಸರು, ಊರು, ಪಾದದ ಉದ್ದ, ಮೊಣಕಾಲಿನ ಸುತ್ತಳತೆ. ಗೌರಾಬಾಯಿಗೆ ಓದಲು ಬರುವುದಿಲ್ಲ, ಕಾಲಿನ ಚಿತ್ರ ಗೊತ್ತಾಗುತ್ತದೆ. ಬೆರಳಿಟ್ಟು ಮುಟ್ಟುತ್ತಾರೆ. ಪರದೆಯ ಮೇಲೆ ಕುಂಕುಮ ಮೂಡುತ್ತದೆ, ಶಿವಕಾಂತಾ ಅದನ್ನು ಒರೆಸುವುದಿಲ್ಲ.

ಒಂಬತ್ತಕ್ಕೆ ಜಾಲಿಹಾಳರು ಬರುತ್ತಾರೆ. ಬಂದವರೇ ಮೊದಲು ಕೇಳುವುದು, "ಆತೇನ್ರಿ?"

"ಆತ್ರಿ ಸರ್. ಇನ್ನ ತಪ್ಪಂಗಿಲ್ಲ."

"ಏನಾಗಿತ್ತು?"

"ಒಂದ ಸಾಕೆಟ್ ಕಡಿಮಿ ಬಿದ್ದಿತ್ತ್ರಿ."

ನಾಲ್ಕು ತಿಂಗಳ ತಲೆನೋವಿಗೆ, ಮೂವತ್ತೊಂದು ಜನರ ಅಲೆದಾಟಕ್ಕೆ ಇಷ್ಟೇ ಉತ್ತರ. ಜಾಲಿಹಾಳರ ಹುಬ್ಬು ಗಂಟಿಕ್ಕುತ್ತದೆ. ಸಾಕೆಟ್ ಕಡಿಮೆಯಾದರೆ ತಿಂಗಳಿಗೊಮ್ಮೆ ಮಾತ್ರ ಯಾಕೆ ಎಂದು ಕೇಳುತ್ತಾರೆ. ಶಿವಕಾಂತಾ ಕೊಟ್ಟ ಮಾತು ನೆನೆದು ಚೀಲ ಕಟ್ಟತೊಡಗುತ್ತಾರೆ. ಬ್ಯಾಕಪ್ ಆಯಿತು, ನಿಜ. ಆದರೆ ಈ ಉತ್ತರ ಅವರಿಗೆ ಒಪ್ಪಿಗೆಯಾಗದಿದ್ದರೆ ಕೆಲಸ ಉಳಿಯುವ ಭರವಸೆಯಿಲ್ಲ.

ಬಾಗಿಲ ಬಳಿ ಟಕ್ ಎಂದು ಸದ್ದಾಗುತ್ತದೆ. ಗೌರಾಬಾಯಿ ಕೈಯಲ್ಲಿ ಪ್ರಸಾದದ ತಟ್ಟೆ ಹಿಡಿದು ನಿಂತಿದ್ದಾರೆ. "ಸಾಹೇಬ್ರ, ಈ ಬಾಯಿದು ಏನೂ ತಪ್ಪಿಲ್ಲ. ಅಮಾಸಿ ದಿನ ವಾಯರ್ ಕಿತ್ತಾಕಿ ನಾನು." ಎಲ್ಲವನ್ನೂ ಹೇಳುತ್ತಾರೆ. ಕಾಲು, ದೀಪ, ಬಣ್ಣದ ಸರ, ನೀರಿನ ಮಷೀನು. ಹೇಳಿ ಮುಗಿಸಿ ಬೀಗದ ಕೈ ಮೇಜಿನ ಮೇಲೆ ಇಡುತ್ತಾರೆ.

ಜಾಲಿಹಾಳರು ಎದ್ದು ಗೋಡೆಯ ಹತ್ತಿರ ಹೋಗುತ್ತಾರೆ. ಹಲಗೆಯ ಮೇಲೆ ಸಮೆ ಇನ್ನೂ ಉರಿಯುತ್ತಿದೆ, ಸರ ಮಿನುಗುತ್ತಿದೆ, ಹಸಿರು ದೀಪವೂ ಇದೆ. ಫಿಲ್ಟರನ್ನು ಒಮ್ಮೆ, ಸಾಕೆಟ್ಟನ್ನು ಒಮ್ಮೆ ನೋಡುತ್ತಾರೆ.

"ಈ ಫಿಲ್ಟರ್ ಇಲ್ಲೇ ಕೂಡಸ್ರಿ ಅಂತ ಹೇಳಿದಾಂವ ನಾನ ಅಲ್ಲೇನ್ರಿ!" ಎಂದು ಹಣೆ ಬಡಿದುಕೊಂಡು ನಗುತ್ತಾರೆ. ಬೀಗದ ಕೈ ಎತ್ತಿ ಗೌರಾಬಾಯಿಯವರ ತಟ್ಟೆಯಲ್ಲಿ ಇಡುತ್ತಾರೆ. "ದೀಪ ಹಚ್ಚೂದು ಬಿಡಬ್ಯಾಡ್ರಿ, ಗೌರಾಬಾಯಿ. ಪೂಜಿ ಆದ ಮ್ಯಾಲ ಆ ಹಸರ ದೀಪ ಹತ್ತೇದೋ ಇಲ್ಲೋ ನೋಡಿ, ಶಿವಕಾಂತಾ ಅವರಿಗೆ ಒಂದ ಫೋನ್ ಮಾಡ್ರಿ. ಇನ್ನ ಮುಂದ ಅದು ನಿಮ್ಮ ಕೆಲಸ." ಶಿವಕಾಂತಾ ಅವರ ಕಡೆ ತಿರುಗಿ, "ನಿಮ್ಮ ಕೆಲಸ ಇದ್ದಾಂಗ ಅದ, ಬಾಯಿ. ಆದರ ಚೀಟಿ ಹರಿಯೂದು ಇವತ್ತಿಂದ ಬಂದ್. ಬ್ಯಾಕಪ್ ಆದ ಮ್ಯಾಲ ಹರಿಯೋಣ," ಎನ್ನುತ್ತಾರೆ.

ಇದನ್ನೆಲ್ಲ ಗೌರಾಬಾಯಿಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಫೋಟೊ ಹಾಕಿದ್ರ ಕಾಲು ಕಾಣೂ ಹಂಗ ಹಾಕ್ರಿ" ಎಂಬುದೊಂದೇ ಅವರ ಕರಾರು.

ಹೊರಗೆ ಸ್ಕೂಟಿಯ ಹತ್ತಿರ ನಿಂತು ಶಿವಕಾಂತಾ ಪಕ್ಕದ ಮನೆಯ ನಂಬರಿಗೆ ಫೋನ್ ಹಚ್ಚಿ ಅವ್ವನನ್ನು ಕರೆಸುತ್ತಾರೆ. "ಯವ್ವಾ, ಇವತ್ತ ಪೆಟ್ಟಿಗಿ ಸೂಟಿ ಹಾಕಲಿಲ್ಲ!" ಆ ಕಡೆಯಿಂದ ಯಮನವ್ವನ ದೊಡ್ಡ ದನಿ ನನಗೂ ಕೇಳಿಸುತ್ತದೆ. "ಅಮಾಸಿ ದಿನಾನೂ ದುಡಿಸಿದೇನ? ಪಾಪ ಬರ್ತದ, ನಾಳೆ ಆದ್ರೂ ಅದರ ಕೊಳ್ಳಿನ ನೊಗ ಬಿಚ್ಚು!"

ಇನ್ನೂ ಹತ್ತು ಕಚೇರಿಗಳು ಬಾಕಿ ಇವೆ. ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದವರನ್ನು ನಿಲ್ಲಿಸಿ, ನಿಮಗೊಂದು ಆಸೆಯಿದ್ದರೆ ಹೇಳಿ, ಬರೆಯುತ್ತೇನೆ ಎನ್ನುತ್ತೇನೆ. ಸನ್ಮಾನ, ದೊಡ್ಡ ಕಂಪನಿಯ ನೌಕರಿ, ಏನಾದರೂ ಹೇಳುತ್ತಾರೆಂದು ಕಾಯುತ್ತೇನೆ. ಅವರು ಸ್ಕೂಟಿಯ ಕಿಕ್ ಮೇಲೆ ಕಾಲಿಟ್ಟು ಒಂದು ಕ್ಷಣ ಯೋಚಿಸುತ್ತಾರೆ.

"ಮುಂದಿನ ಅಮಾಸಿ ದಿನ ಐದೂವರಿಗೆ ನಾ ಮನ್ಯಾಗ ಗೊರಕಿ ಹೊಡಕೋತ ಮಲಗಿರಬೇಕ್ರಿ. ಇಲ್ಲಿ ಬ್ಯಾಕಪ್ ತಾನ ಆಗಿರಬೇಕು."